ಸತ್ತವರ ಪಟ್ಟಿಯ ಎರಡನೇ ಪ್ರತಿ

ಹೋದ ವಾರ ಮಗಳು ಲೋಕಲಿನ್ಯಾಗ ಫೋನ್ ಕಳಕೊಂಡ್ಲು. ಅತ್ತಳೇನು? ಇಲ್ಲ. ಹೊಸಾದು ತಂದು ಅರ್ಧ ತಾಸು ಏನೇನೋ ಒತ್ತಿದ್ಲು, ಫೋಟೋ, ನಂಬರ್, ಹಳೇ ಮೆಸೇಜ್ ಎಲ್ಲಾ ಬಂದು ಕೂತವು. "ಕುಛ್ ನಹೀ ಜಾತಾ ಮಮ್ಮಿ, ಎಲ್ಲಾ ಸೇಫ್ ಇರ್ತದೆ" ಅಂದ್ಲು, ತನ್ನ ಅರ್ಧಮರ್ಧ ಕನ್ನಡದಾಗ. ಆಕಿಗೆ ಸಮಾಧಾನ. ನನಗ ಮಾತ್ರ ಮೈ ಝುಂ ಅಂತು. ಏನೂ ಹೋಗೂದಿಲ್ಲ ಅಂತ ಯಾರರೆ ಅಂದ್ರ ನನಗ ಇವತ್ತಿಗೂ ಹೆದರಿಕಿ ಆಗತದ. ಯಾಕ ಅಂತ ಆಕಿಗೆ ಹೇಳಿಲ್ಲ. ಇಲ್ಲೆ ಹೇಳತೇನಿ.

ನನಗಾಗ ಇಪ್ಪತ್ತೆರಡು. ನಾನು, ಅವ್ವ, ಇಬ್ಬರ. ಜೋಗೇಶ್ವರಿಯ ಚಾಳಿನ್ಯಾಗ ಒಂದ ಖೋಲಿ. ಮೂಲ ವಿಜಾಪುರದ ಕಡೆಯವರು. ಅದಕ್ಕೂ ಒಂಬತ್ತು ವರ್ಷ ಹಿಂದ, ನನಗ ಹದಿಮೂರಿದ್ದಾಗ, ಅಪ್ಪ ಒಂದು ಮುಂಜಾನೆ ಡಬ್ಬಿ ಹಿಡಕೊಂಡು ವಿಕ್ರೋಳಿಯ ಕಾರಖಾನಿಗೆ ಹೊಂಟಾಂವ ತಿರುಗಿ ಮನಿಗೆ ಬರಲಿಲ್ಲ. ನಮ್ಮನ್ನ ಬಿಟ್ಟು ಓಡಿ ಹೋಗ್ಯಾನ ಅಂತ ನಾ ಮನಸಿನ್ಯಾಗ ಗಂಟ ಹಾಕ್ಕೊಂಡಿದ್ದೆ. ಸಿಟ್ಟು ಅಂದ್ರ ಎಂಥಾ ಸಿಟ್ಟು! ಆ ಮನಷ್ಯಾನ ಹೆಸರು ಮನಿಯೊಳಗ ಎತ್ತಿದವರ ಮ್ಯಾಲ ಹರಿಹಾಯತಿದ್ದೆ.

ಅವ್ವನ ಹಣಿ ತುಂಬ ಕುಂಕುಮ, ಕೈ ತುಂಬ ಹಸರ ಬಳಿ. ನಾಕ ಮನಿ ಅಡಿಗಿ ಮಾಡಿ ನನ್ನ ಓದಿಸಿದ್ಲು. ತಿಂಗಳಿಗೊಮ್ಮೆ ಅಪ್ಪನ ಒಂದು ಅಂಗಿ ಒಗದು ಗ್ಯಾಲರಿಯ ಹಗ್ಗದ ಮ್ಯಾಲ ಹಾಕತಿದ್ಲು. ಯಾರೂ ತೊಡದ ಅಂಗಿ ಅದು, ನೀರು ಇಳಸ್ಕೋತ ಗಾಳಿಗೆ ತೋಳು ಬೀಸತಿತ್ತು. ಅದರ ಕೆಳಗ ಹಾಯ್ದು ಹೋಗಬೇಕಾದ್ರ ನಾ ತಲಿ ಬಗ್ಗಿಸತಿದ್ದೆ. "ಯಾಕವ್ವ ಈ ನಾಟಕ?" ಅಂತ ಕೇಳಿದ್ರ, "ಬಟ್ಟಿ ಇಟ್ಟಲ್ಲೇ ಮುಗ್ಗ ಹಿಡಿತದ" ಅನ್ನಾಕಿ, ಅಷ್ಟ.

ಟೈಪಿಂಗ್ ಕಲ್ತು, ದಾದರಿನ್ಯಾಗ ಆರು ತಿಂಗಳ ಕಂಪ್ಯೂಟರ್ ಕ್ಲಾಸ್ ಮುಗಿಸಿದ ಮ್ಯಾಲ ವಡಾಲಾದಾಗ ನಮ್ಮ ಮಂದಿಯ ಸಂಘದಾಗ ನನಗ ಕೆಲಸ ಸಿಕ್ಕಿತು. ಹಳೇ ಬಿಲ್ಡಿಂಗಿನ ತಳದಾಗ ಒಂದು ಸಣ್ಣ ಹಾಲು, ಬಾಜೂಕ ಒಂದು ಖೋಲಿ. ಯಾರೋ ಸದಸ್ಯರು ತಮ್ಮ ಆಫೀಸಿನ್ಯಾಗ ಬ್ಯಾಡಾದ ಕಂಪ್ಯೂಟರ್ ತಂದು ಕೊಟ್ಟಿದ್ರು. ಕರೇ ಪಡದೆ, ಹಸರ ಅಕ್ಷರ. ಅದರ ಹೊಟ್ಟಿಯೊಳಗ ಏನೂ ಇಟ್ಟುಕೊಳ್ಳೂ ಶಕ್ತಿ ಇರಲಿಲ್ಲ. ಮುಂದ ಎರಡು ಸೀಳು, ಅದರಾಗ ಫ್ಲಾಪಿ ತುರುಕಬೇಕು. ಊದಿನಕಡ್ಡಿ ಪಾಕೀಟಿಗಿಂತ ತೆಳ್ಳಗಿನ ಕರೇ ಚೌಕ ತಟ್ಟಿ, ನಡಬರಕ ಒಂದು ತೂತು. ಬರದದ್ದೆಲ್ಲಾ ಅದರಾಗ ಹೋಗಿ ಕೂಡಬೇಕು. ಮಶೀನ್ ಆರಿಸಿದ್ರ ಅದಕ್ಕ ತನ್ನ ಹೆಸರೂ ನೆನಪಿರತಿದ್ದಿಲ್ಲ.

ಅದರಾಗ ಇಳಸಬೇಕಾದದ್ದು ಆಚಾರ್ರ ತಿಥಿಪುಸ್ತಕ. ಆಚಾರ್ರು ಅಂದ್ರ ನಮ್ಮ ಸಂಘದ ಪುರೋಹಿತರು, ಎಂಬತ್ತರ ಹತ್ತಿರದವರು, ಎರಡು ಓಣಿ ಆಚೆ ಒಬ್ಬರ ಇರತಿದ್ರು. ಮುಂಬಯಿಯೊಳಗ ಮಂದಿಗೆ ತಾರೀಖು ನೆನಪಿರ್ತಾವ, ತಿಥಿ ನೆನಪಿರೂದಿಲ್ಲ. ಸತ್ತವರ ಶ್ರಾದ್ಧ ಮಾಡಬೇಕಾದ್ರ ಮಾಸ, ಪಕ್ಷ, ತಿಥಿ ಬೇಕು. ಅದನ್ನ ನಮ್ಮ ಎಲ್ಲಾ ಮನೆತನಗಳ ಪರವಾಗಿ ಆಚಾರ್ರು ಒಂದು ದಪ್ಪ ಪುಸ್ತಕದಾಗ ಬರದಿಟ್ಟಿದ್ರು. ಹದಿನೈದು ದಿನ ಮೊದಲ "ನಿಮ್ಮ ತಂದೆಯವರ ತಿಥಿ ಇಂಥಾ ದಿನ" ಅಂತ ಪೋಸ್ಟ್‌ಕಾರ್ಡ್ ಹಾಕತಿದ್ರು. ಅವರ ಕಾರ್ಡ್ ಬರದಿದ್ರ ಎಷ್ಟೋ ಪಿತೃಗಳು ಉಪವಾಸ. ಹಿಂದಿನ ಮಳಿಗಾಲದಾಗ ಆ ಪುಸ್ತಕಕ್ಕ ನೀರು ಹೊಕ್ಕು ಶಾಯಿ ಹರಡಿತ್ತು. ಇದ್ದಷ್ಟು ಓದಿ, ಉಳಿದದ್ದು ನೆನಪಿಲೆ ಹೇಳಿ ಬರೆಸಿಬಿಡತೇನಿ ಅಂತ ಆಚಾರ್ರ ಮುಂದಾಗಿದ್ರು.

ಮಧ್ಯಾಹ್ನ ಒಂದರಿಂದ ನಾಕರ ತನಕ ನಮ್ಮ ಕೆಲಸ. ಹೊರಗ ಜಿಟಿಜಿಟಿ ಮಳಿ. ಪಡದೆ ಹೊಳಿತದ ಅಂತ ಟ್ಯೂಬ್ ಆರಿಸತಿದ್ದೆ, ಖೋಲಿಯೊಳಗ ಆ ಹಸರ ಬೆಳಕು ಅಷ್ಟ. ಆಚಾರ್ರು ಪುಸ್ತಕ ತೊಡಿಮ್ಯಾಲ ಇಟ್ಟುಕೊಂಡು, ಅಕ್ಷರ ಅಳಿಸಿದಲ್ಲಿ ಕಣ್ಣು ಮುಚ್ಚತಿದ್ರು. ಗೋತ್ರ, ಹೆಸರು, ಮಾಸ, ಪಕ್ಷ, ತಿಥಿ, ಶ್ರಾದ್ಧ ಮಾಡಸೂವರ ಹೆಸರು, ವಿಳಾಸ. ಏರಿಲ್ಲ, ಇಳಿವಿಲ್ಲ, ಒಂದ ಸ್ವರ. ಎಲ್ಲೋ ಬಾವಿಯೊಳಗಿಂದ ಬಂದಂಗ. ನಾ ಟೈಪ್ ಮಾಡತಿದ್ದೆ. ಸತ್ತವರು ಒಬ್ಬರಾದ ಮ್ಯಾಲ ಒಬ್ಬರು ಪಡದೆಯ ತಳದಿಂದ ಎದ್ದು, ಮ್ಯಾಲ ಮ್ಯಾಲ ಸರಕೋತ ಹೋಗಿ ಕಾಣದಂಗ ಆಗತಿದ್ರು.

ಎರಡನೇ ವಾರ ನನಗೊಂದು ಅನುಮಾನ ಬಂತು. ಸೋಮವಾರ ಬರೆಸಿದ ಮನೆತನದ ಬಗ್ಗೆ ಬುಧವಾರ ಏನೋ ಕೇಳಿದೆ. ಆಚಾರ್ರು ನನ್ನ ಮುಖಾ ನೋಡಿದ್ರು. "ಯಾರವರು?" ಅಂದ್ರು.

"ನೀವ ಹೇಳಿದ್ರಲ್ರಿ ಆಚಾರ್ರ, ಮೂರು ತಲಿಮಾರು!"

"ಹೇಳಿದ್ನಿ ಅಂದ್ರ ಹೋತು ತಂಗಿ. ಈಗ ಅದು ನಿನ್ನ ಡಬ್ಬಿಯೊಳಗ ಅದ. ನನ್ನ ತಲಿಮ್ಯಾಲಿನ ಭಾರ ಇಳೀತು," ಅಂತ ನಕ್ಕರು.

ನನಗ ನಗು ಬರಲಿಲ್ಲ. ಅವತ್ತಿಂದ ನೋಡಕೋತ ಬಂದೆ. ಬರೆಸಿದ್ದೆಲ್ಲಾ ಅವರಿಂದ ಹೋಗತಿತ್ತು. ಬರೆಸದೆ ಇದ್ದದ್ದು ಮಾತ್ರ ಗಟ್ಟಿ ಇತ್ತು. ನಾ ಕೀ ಒತ್ತಿದಂಗ ಒತ್ತಿದಂಗ ಆ ಮುದುಕರು ಖಾಲಿ ಆಗತಿದ್ರು. ವಯಸ್ಸಾತು, ಮರವು ಅಂತ ಈಗ ಹೇಳಬಹುದು. ಆಗ ಆ ಖೋಲಿಯೊಳಗ ಕೂತವರಿಗೆ ಹಂಗ ಅನಸತಿದ್ದಿಲ್ಲ.

ಹಂಗಾಗಿ ಆ ಫ್ಲಾಪಿ ಕಾಯೂದು ನನಗ ಜೀವಕ್ಕ ಹತ್ತಿತು. ಕ್ಲಾಸಿನ ಸರ್ ಕಲಿಸಿದ್ದು ಎಲ್ಲಾ ಮಾಡಿದೆ. ಬೆರಳು ತಾಗಸಬಾರದು, ಬಗ್ಗಿಸಬಾರದು, ಲೋಹಚುಂಬಕದ ಹತ್ತಿರ ಒಯ್ಯಬಾರದು. ಫ್ಲಾಪಿಯ ಬಾಜೂಕ ಒಂದು ಸಣ್ಣ ಕಚ್ಚು ಇರತದ, ಅದರ ಮ್ಯಾಲ ಬೆಳ್ಳಿಬಣ್ಣದ ಚೀಟಿ ಅಂಟಿಸಿದ್ರ ಮಶೀನ್ ಓದಬಹುದು, ಬರಿಯಲಿಕ್ಕೆ ಅಳಸಲಿಕ್ಕೆ ಬರೂದಿಲ್ಲ. ಎಲ್ಲಾದಕ್ಕಿಂತ ದೊಡ್ಡ ನೇಮ ಅಂದ್ರ ಎರಡು ಪ್ರತಿ ಮಾಡಿ ಎರಡು ಕಡೆ ಇಡಬೇಕು, ಒಂದ ಸೂರಿನ ಕೆಳಗ ಎರಡೂ ಇಡಬಾರದು. ಅದಕ್ಕ ಎರಡನೇ ಪ್ರತಿ ಚೌಕ ಬಿಸ್ಕೀಟಿನ ಡಬ್ಬಿಯೊಳಗ ಹಾಕಿ, ಎದಿಗೆ ಅವಚಿಕೊಂಡು, ಹಾರ್ಬರ್ ಲೈನಿನ ಲೋಕಲ್ ಹಿಡದು ಅಂಧೇರಿಯೊಳಗ ಗಾಡಿ ಬದಲಿಸಿ ಮನಿಗೆ ಒಯ್ದೆ.

ಅವ್ವ ಬಾಗಲದಾಗ ಅಡ್ಡ ನಿಂತ್ಲು. "ಡಬ್ಬಿಯೊಳಗ ಏನದ?"

ಹೇಳಿದೆ.

"ಊರ ಮಂದಿ ಸತ್ತವರನ್ನೆಲ್ಲಾ ಬಿಸ್ಕೀಟ ಡಬ್ಬಿಯೊಳಗ ತುಂಬಿಕೊಂಡು ಮನಿಗೆ ಬಂದೀಯೇನ? ದೇವರ ಜಗಲಿ ಇದ್ದ ಮನಿ ಇದು!"

"ಅವ್ವ, ಇದು ಪ್ಲಾಸ್ಟಿಕ್. ಏನ ಹುಚ್ಚರಂಗ ಮಾತಾಡತಿ?"

"ಪ್ಲಾಸ್ಟಿಕ್ ಇರಲಿ, ಬಂಗಾರ ಇರಲಿ. ಹೊಸ್ತಿಲ ದಾಟಸಬ್ಯಾಡ." ಆಮ್ಯಾಲ ದನಿ ಸಣ್ಣದು ಮಾಡಿ ಕೇಳಿದ್ಲು, "ನಮ್ಮ ಗೋತ್ರದವರದು ಬಂತೇನ ಅದರಾಗ?"

"ಇನ್ನೂ ಇಲ್ಲ" ಅಂದೆ. ಆ ರಾತ್ರಿ ಡಬ್ಬಿ ಮಗ್ಗಲ ಮನಿಯವರ ಕಡೆ ಇಟ್ಟು, ಮರುದಿನ ಗೊಣಗಿಕೋತ ವಾಪಸ್ ಒಯ್ದೆ. ಆಚಾರ್ರು ತಾವ ಇಟ್ಟುಕೊಳ್ಳತೇನಿ ಅಂದ್ರು. ಅವರ ಮನಿಯೊಳಗ, ಪಂಚಾಂಗ ಇಡೂ ಕಟ್ಟಿಗಿ ಪೆಟ್ಟಿಗಿಯೊಳಗ, ಎರಡನೇ ಪ್ರತಿಗೆ ಜಾಗಾ ಆತು. ವಾರಕ್ಕೊಮ್ಮೆ ತಂದು ಹೊಸಾದು ಸೇರಿಸಿ ಮತ್ತ ಚೀಟಿ ಅಂಟಿಸಿ ಕೊಡತಿದ್ದೆ.

ಶ್ರಾವಣದಾಗ ಕೆಲಸ ಮುಗೀತು. ಓದಲಿಕ್ಕೆ ಬರದ ಆ ಪುಸ್ತಕ ಆಚಾರ್ರು ಸಮುದ್ರಕ್ಕ ಬಿಟ್ಟು ಬಂದ್ರು, ಹಳೇ ಪೋಥಿ ಬಿಡೂ ಹಂಗ. ಎರಡೂ ಫ್ಲಾಪಿಗೆ ಬೆಳ್ಳಿ ಚೀಟಿ ಅಂಟಿಸಿದೆ. ಪ್ರತಿ ಸರಿ ಆಗ್ಯದೋ ಇಲ್ಲೋ ಅಂತ ಮೊದಲಿಂದ ಓದಿ ನೋಡಬೇಕು ಅಂತ ಸರ್ ಹೇಳಿದ್ರಲ್ಲ, ಒಂದು ಮಧ್ಯಾಹ್ನ ಒಬ್ಬಾಕಿನ ಕೂತು ಓದಲಿಕ್ಕೆ ಹತ್ತಿದೆ.

ನಡುವ ಒಂದು ಸಾಲು. ನಮ್ಮ ಗೋತ್ರ. ನಮ್ಮಪ್ಪನ ಹೆಸರು. ಅವನ ಅಪ್ಪನ ಹೆಸರು, ಊರು, ಎಲ್ಲಾ ಸರಿ. ಮಾರ್ಗಶಿರ, ವದ್ಯ ಅಂದ್ರ ಕೃಷ್ಣಪಕ್ಷ, ಪಂಚಮಿ. ವಿಳಾಸ ನಮ್ಮ ಚಾಳಿಂದು.

ನಾ ಇದನ್ನ ಬರದಿಲ್ಲ! ಎದ್ದು ಬಾಗಲದ ತನಕ ಹೋದೆ, ಹಾಲಿನ್ಯಾಗ ಯಾರೂ ಇರಲಿಲ್ಲ. ತಿರುಗಿ ಬಂದ್ರ ಸಾಲು ಅಲ್ಲೇ ಇತ್ತು, ಅದರ ಮುಂದ ಹಸರ ಗೆರಿ ಮಿಣಕ್ ಮಿಣಕ್ ಅಂತಿತ್ತು. ಫ್ಲಾಪಿ ತಗದು ನೋಡಿದೆ. ಚೀಟಿ ಅಂಟಿಸಿದ್ದು ಅಂಟಿಸಿದಂಗ ಅದ. ಹೋಲಿಸಿ ನೋಡಲಿಕ್ಕೆ ತಂದಿಟ್ಟಿದ್ದ ಎರಡನೇ ಪ್ರತಿ ಹಾಕಿದೆ. ಅದರಾಗೂ ಅದ. ಆ ಖೋಲಿಯ ಕೀಲಿ ನನ್ನ ಕಡೆ, ಆ ಮಶೀನ್ ನಡಸಲಿಕ್ಕೆ ಬರೂದು ನನಗೊಬ್ಬಾಕಿಗೆ.

ಆಮ್ಯಾಲ ತಿಳೀತು. ತಿಳಿದದ್ದಕ್ಕ ಇನ್ನೂ ಹೆದರಿಕಿ ಆತು. ಛಲೋ ಟೈಪಿಸ್ಟ್ ಕೇಳಿದ್ದನ್ನ ಬರೀತಾಳ, ತಿಳಕೊಳ್ಳೂದಿಲ್ಲ. ದನಿ ಕಿವಿಯೊಳಗಿಂದ ನೆಟ್ಟಗ ಬೆರಳಿಗೆ ಇಳೀತದ, ಮನಸು ಸಂಜಿಯ ಲೋಕಲಿನ ಗದ್ದಲದಾಗೋ, ಅವಲಕ್ಕಿ ಡಬ್ಬಿಯೊಳಗೋ ಇರತದ. ಯಾವದೋ ಒಂದು ಮಧ್ಯಾಹ್ನ ಅಪ್ಪನ ಸಾವು ನಾನ ನನ್ನ ಬೆರಳಿಲೆ ಬರದು, ಒಂದು ತಪ್ಪಿಲ್ಲದ ಬರದು, ಮುಂದಿನ ಹೆಸರಿಗೆ ಹೋಗಿದ್ದೆ. ಚಹಾನೂ ಕುಡದಿದ್ದೆ.

ಆಚಾರ್ರ ಮನಿಗೆ ಓಡಿದೆ. ಅವರೂ ಬೆಚ್ಚಿ ಬಿದ್ದರು. "ನಾ ಹೇಳಿದ್ನೇನು? ಅದು ಪುಸ್ತಕದಾಗ ಇರಲೇ ಇಲ್ಲಲ್ಲ ತಂಗಿ! ತಲಿಯೊಳಗ ಇಟ್ಟಿದ್ದೆ. ಯಾರಿಗೂ ಹೇಳೂದಿಲ್ಲ ಅಂತ ನಿಮ್ಮವ್ವಗ ಮಾತ ಕೊಟ್ಟಿದ್ದೆ." ಕಣ್ಣು ಮುಚ್ಚಿ ಹೇಳಿಕೋತ ಹೋದಾಗ ಉಳಿದವರ ಜೋಡಿ ಅದೂ ಹೊರಗ ಬಂದಿತ್ತು. ಹೇಳಿದವರಿಗೂ ಗೊತ್ತಿಲ್ಲ, ಬರದಾಕಿಗೂ ಗೊತ್ತಿಲ್ಲ.

ಭಾಳ ಕಾಡಿದ ಮ್ಯಾಲ ಉಳಿದದ್ದು ಹೇಳಿದ್ರು. ಅಪ್ಪ ಕಾಣದಂಗಾದ ಒಂದು ವಾರಕ್ಕ ಅವ್ವ ರೈಲ್ವೆ ಪೋಲೀಸರ ಹತ್ತಿರ ಹೋಗಿದ್ಲಂತ. ವಾರಸುದಾರರಿಲ್ಲದ ಹೆಣಗಳ ಫೋಟೋ ತೋರಿಸಿದ್ರಂತ. ಅಪ್ಪ ಹಳಿ ದಾಟಬೇಕಾದ್ರ ಗಾಡಿಗೆ ಸಿಕ್ಕಿದ್ದ. ದಹನಾನೂ ಆಗಿಹೋಗಿತ್ತು. ಅವ್ವ ಫೋಟೋ ನೋಡಿ "ಇವರಲ್ಲ" ಅಂತ ತಲಿ ಅಲ್ಲಾಡಿಸಿ, ನೆಟ್ಟಗ ವಡಾಲಾಕ್ಕ ಬಂದು ಆಚಾರ್ರ ಮುಂದ ಕೂತು ಅತ್ತಿದ್ಲು. "ಚಾಳಿನ್ಯಾಗ ನಾನು, ಹದಿಮೂರು ವರ್ಷದ ಹುಡುಗಿ. ಗಂಡಸು ಇವತ್ತಲ್ಲ ನಾಳೆ ಬರತಾನ ಅನ್ನೂ ಹೆದರಿಕಿ ಮಂದಿಗೆ ಇರಲಿ ಆಚಾರ್ರ. ಅವರು ಸತ್ತರು ಅಂದ್ರ ನಮ್ಮ ಬಾಗಲಕ್ಕ ಅಗಳಿ ಇಲ್ಲದಂಗ ಆಗತದ" ಅಂದಿದ್ಲಂತ. ವರ್ಷಾ ಮಾರ್ಗಶಿರ ವದ್ಯ ಪಂಚಮಿಗೆ ಆಚಾರ್ರ ಮನಿಯೊಳಗ ಗುಟ್ಟಾಗಿ ಶ್ರಾದ್ಧ. ಅವ್ವಗ ಓದು ಬರೂದಿಲ್ಲ, ಪಂಚಾಂಗ ತಿಳಿಯೂದಿಲ್ಲ. ಅದಕ್ಕ ಆಚಾರ್ರು ಒಂದು ಕಾರ್ಡ್ ಹಾಕತಿದ್ರು. "ಗುರುವಾರ ಅಡಿಗಿಗೆ ಬರ್ರಿ." ಅಷ್ಟ.

ಆ ಕಾರ್ಡ್ ಒಂಬತ್ತು ವರ್ಷ ಅವ್ವಗ ಓದಿ ಹೇಳಿದಾಕಿ ನಾನ. ವರ್ಷಕ್ಕೊಮ್ಮೆ, ಥಂಡಿ ದಿನದಾಗ. ಸೋಮವಾರ ಅಡಿಗಿಗೆ ಬರ್ರಿ, ಶನಿವಾರ ಅಡಿಗಿಗೆ ಬರ್ರಿ. "ಈ ಆಚಾರ್ರಿಗೆ ಬ್ಯಾರೆ ಅಡಿಗಿಯವರು ಸಿಗೂದಿಲ್ಲೇನು?" ಅಂತ ಬೈದೂ ಇದ್ದೆ. ಅವತ್ತು ವಡಾಲಾ ಸ್ಟೇಶನ್ನಿನ ಬೆಂಚಿನ ಮ್ಯಾಲ ಕೂತು ಅತ್ತೆ. ಓಡಿ ಹೋದಾಂವ ಅಂತ ಒಂಬತ್ತು ವರ್ಷ ಬೈದಿದ್ದೆನಲ್ಲ, ಆ ಬೈಗುಳ ಒಂದೊಂದೂ ತಿರುಗಿ ಬಂದು ನನಗ ಬಡೀತು.

ಅವ್ವಗ ಏನೂ ಹೇಳಲಿಲ್ಲ. ಹೆಂಗ ಹೇಳಲಿ? ಆಕಿ ಅಷ್ಟು ವರ್ಷ ಹಿಡಕೊಂಡು ನಿಂತ ಗ್ವಾಡಿಯ ಇಟ್ಟಂಗಿ ನಾ ಕೀಳಲ್ಯಾ? ಆದ್ರ ಹೊಸಾ ಗಂಡಾಂತರ ಒಂದಿತ್ತು. ಇನ್ನ ಮುಂದ ಕಾರ್ಡ್ ಮಶೀನ್ ಅಚ್ಚು ಹಾಕೂದು ಅಂತ ಸಂಘದವರು ಠರಾಯಿಸಿದ್ರು. ಮಶೀನಿಗೆ ಗುಟ್ಟು ಗೊತ್ತಿಲ್ಲ. "ನಿಮ್ಮ ಯಜಮಾನರ ಶ್ರಾದ್ಧ" ಅಂತ ದಪ್ಪ ಅಕ್ಷರದಾಗ ಹೊಡದು ಕಳಸತದ. ಮಗ್ಗಲ ಖೋಲಿಯೊಳಗ ಬೆಳಗಾವಿಯವರು, ಎದುರಿನವರಿಗೂ ಕನ್ನಡ ಓದಲಿಕ್ಕೆ ಬರತದ. ಪೋಸ್ಟ್‌ಕಾರ್ಡ್ ಅಂದ್ರ ಇಡೀ ಚಾಳ ಓದೂ ಕಾಗದ.

ಅಚ್ಚು ಹಾಕಲಿಕ್ಕೆ ಬಳಸೂದು ಆಫೀಸಿನ ಪ್ರತಿ. ಅದರ ಬೆಳ್ಳಿ ಚೀಟಿ ಉಗುರಿಲೆ ಕಿತ್ತೆ. ಸಾಲಿನ ಮ್ಯಾಲ ಹೋಗಿ ಅಳಸು ಅಂದೆ. ಖರೇನ ಅಳಸಬೇಕೇನು ಅಂತ ಮಶೀನ್ ಕೇಳಿತು. ಹೌದು ಅಂತ ಒತ್ತಿದೆ. ಕೆಳಗಿನ ಸತ್ತವರೆಲ್ಲಾ ಒಂದೊಂದು ಹೆಜ್ಜಿ ಮ್ಯಾಲ ಸರದು ಅಪ್ಪನ ಜಾಗಾ ಮುಚ್ಚಿದ್ರು. ಎರಡನೇ ಪ್ರತಿ ಆಚಾರ್ರ ಪೆಟ್ಟಿಗಿಯೊಳಗ ಸುರಕ್ಷಿತ ಅದ, ಅದರಾಗ ಅಪ್ಪ ಇದ್ದಾನ, ತಿಥಿ ನಾ ನೆನಪ ಮಾಡಿಕೊಟ್ರ ಆಚಾರ್ರು ಎಂದಿನಂಗ ತಮ್ಮ ಕಾರ್ಡ್ ಹಾಕತಾರ ಅಂತ ಧೈರ್ಯ ಮಾಡಿದ್ದೆ.

ಭಾದ್ರಪದದ ಮಹಾಲಯ ಅಮಾವಾಸ್ಯೆ ಬಂತು. ಎಲ್ಲಾ ಪಿತೃಗಳಿಗೆ ಎಳ್ಳು ನೀರು ಬಿಡೂ ದಿನ. ಮರುದಿನ ಆಚಾರ್ರು ಭಾಳ ಸಂತೋಷದಿಂದ ಸಂಘಕ್ಕ ಬಂದ್ರು. "ಈ ಸಲ ಒಬ್ಬರನ್ನೂ ಬಿಡಲಿಲ್ಲ ತಂಗಿ. ಹೆಸರು ನೆನಪಾಗಲಿಲ್ಲ, ಹೌದು. ಆದ್ರ ಎಲ್ಲಾರೂ ಇದರಾಗ ಇದ್ದಾರಲ್ಲ? ತಾಮ್ರದ ತಟ್ಟಿಯೊಳಗ ಇಟ್ಟು ಇದಕ್ಕ ತರ್ಪಣ ಕೊಟ್ಟೆ. ಮೂರು ಬೊಗಸಿ" ಅಂದು, ಪಂಚೆಯ ಚುಂಗಿನಿಂದ ಫ್ಲಾಪಿ ತಗದು ಮೇಜಿನ ಮ್ಯಾಲ ಇಟ್ಟರು. ನಡಬರಕಿನ ತೂತಿನ್ಯಾಗ ಕರೇ ಎಳ್ಳು ಅಂಟಿದ್ದವು. ಬಗ್ಗಿಸಿದ್ರ ಒಳಗಿಂದ ನೀರು ಇಳೀತು.

ಬೆಳ್ಳಿ ಚೀಟಿ ಗಟ್ಟಿ ಇತ್ತು ನೋಡ್ರಿ. ಬರಿಯೂದರಿಂದ ಕಾಯತದ, ಅಳಸೂದರಿಂದ ಕಾಯತದ. ಎಳ್ಳು ನೀರಿಂದ ಕಾಯೂ ಚೀಟಿ ಯಾವ ಕಂಪನಿ ಮಾಡತದ? ಒಣಗಿಸಿ ಮಶೀನಿಗೆ ಹಾಕಿದೆ. ಕಿರ್ ಕಿರ್ ಅಂತು, ಯಾರೋ ಒಳಗಿಂದ ಗ್ವಾಡಿ ಕೆರದಂಗ, ಆಮ್ಯಾಲ ಸುಮ್ಮನಾತು. ಆಚಾರ್ರು ತೃಪ್ತಿಯಿಂದ ಪಡದೆ ನೋಡಕೋತ ಕೂತಿದ್ರು. ಉಳಿದವರೆಲ್ಲಾ ಆಫೀಸಿನ ಪ್ರತಿಯೊಳಗ ಉಳದಿದ್ರು. ಹೋದದ್ದು ಒಬ್ಬರ.

ದೀಪಾವಳಿಯ ಹೊತ್ತಿಗೆ ಆಚಾರ್ರಿಗೆ ಊಟ ಮಾಡಿದ್ದು ನೆನಪಿರತಿದ್ದಿಲ್ಲ. ಮಾರ್ಗಶಿರ ಹುಟ್ಟಿತು. ಅವ್ವ ದಿನಾ ಸಂಜಿಗೆ ಕೇಳಲಿಕ್ಕೆ ಹತ್ತಿದ್ಲು, "ಟಪಾಲಿನವಾ ಏನರೆ ಕೊಟ್ಟನೇನ?" ಇಲ್ಲ ಅಂದ್ರ ಅಕ್ಕಿ ಆರಿಸಕೋತ ಕೂಡಾಕಿ. ಆರಿಸಿದ ಅಕ್ಕಿ ಮತ್ತ ಆರಸಾಕಿ. ಒಂದಿನ ಗ್ಯಾಲರಿಯೊಳಗ ನಿಂತು ಟಪಾಲಿನವನ ಚೀಲದಾಗ ಇಣುಕಿ ನೋಡಿದ್ಲು. ಅವಾ ನಕ್ಕು "ಕ್ಯಾ ಹುವಾ ಮಾವಶಿ, ಸಾಹೇಬ್ ಕೀ ಚಿಟ್ಠೀ?" ಅಂದ. ಅವ್ವನೂ ನಕ್ಕಳು. ಆ ಸಾಲು ಅಳಿಸಿದ್ದು ನಾನು, ಆಕಿ ಕಾಯತಿದ್ದದ್ದು ಅದನ್ನ, ಇಬ್ಬರೂ ಒಂದ ಖೋಲಿಯೊಳಗ ಬಾಯಿ ಹೊಲಕೊಂಡು ಕೂತಿದ್ದೆವು.

ವಿಳಾಸ ಅಷ್ಟ ಅಳಿಸಿದ್ರ ಸಾಕಿತ್ತು, ಮಶೀನ್ ಕಾರ್ಡ್ ಕಳಸತಿದ್ದಿಲ್ಲ, ಸಾಲು ಉಳೀತಿತ್ತು. ಕೆಟ್ಟ ಮ್ಯಾಲ ಬುದ್ಧಿ ಬಂತು ಅಂತಾರಲ್ಲ, ಹಂಗ. ಮರುದಿನ ಆಫೀಸಿಗೆ ಹೋಗಿ ಮೊದಲು ಆ ಸಾಲು ತಿರುಗಿ ಬರದೆ. ಮಿನಿಟಿಗೆ ಐವತ್ತು ಶಬ್ದ ಬರಿಯೂ ಬೆರಳು ಅವತ್ತು ಅಪ್ಪನ ಹೆಸರಿನ್ಯಾಗ ಮೂರು ಸಲ ತಪ್ಪಿದವು. ಆಮ್ಯಾಲ ಗ್ವಾಡಿಯ ಕ್ಯಾಲೆಂಡರಿನ್ಯಾಗ ವದ್ಯ ಪಂಚಮಿ ಹುಡುಕಿ, ಒಂದು ಪೋಸ್ಟ್‌ಕಾರ್ಡ್ ತಗೊಂಡು "ಗುರುವಾರ ಅಡಿಗಿಗೆ ಬರ್ರಿ" ಅಂತ ಬರದು ವಡಾಲಾದಾಗ ಟಪಾಲಿಗೆ ಹಾಕಿದೆ.

ಮೂರನೇ ದಿನ ಕಾರ್ಡ್ ಬಂತು. ಎಂದಿನಂಗ ಅವ್ವ ಕೈ ಒರಸಿಕೊಂಡು ಬಂದು ಕೂತ್ಲು. ಎಂದಿನಂಗ ಓದಿ ಹೇಳಿದೆ.

ಅವ್ವ ಕಾರ್ಡ್ ಕೈಯಾಗ ತಗೊಂಡು ಹೊಳ್ಳಿಸಿ ಹೊಳ್ಳಿಸಿ ನೋಡಿದ್ಲು. "ದೀಪಾವಳಿಗೆ ನಾ ವಡಾಲಾಕ್ಕ ಹೋಗಿದ್ದೆ" ಅಂದ್ಲು. "ಆಚಾರ್ರು ನನ್ನ ನೋಡಿ, ನೀವು ಯಾರು ಅಂತ ಕೇಳಿದ್ರು."

ಒಲಿ ಮ್ಯಾಲ ಹಾಲು ಉಕ್ಕಿ ಹೊತ್ತಿದ ವಾಸನಿ ಬಂತು, ಇಬ್ಬರೂ ಏಳಲಿಲ್ಲ.

"ಇಬ್ಬರು ಕೂಡಿ ಮಾಡೂ ಅಡಿಗಿ ಅದ" ಅಂದ್ಲು ಅವ್ವ ಕಡೀಕ. "ನೀನೂ ರಜಾ ಹಾಕು."

ಗುರುವಾರ ನಸುಕಿನ ಲೋಕಲಿಗೆ ಹೋದ್ವಿ. ಸಂಘದ ಹಾಲಿನ್ಯಾಗ ಆಚಾರ್ರ ಜಾಗಾಕ್ಕ ಹೊಸದಾಗಿ ಬಂದ ಹರೇದ ಪುರೋಹಿತರು, ಒಂದು ಶ್ರಾದ್ಧ ಅದ ಅಂತ ನಾ ಮೊದಲ ಹೇಳಿಟ್ಟಿದ್ದಕ್ಕ, ದರ್ಭಿ ಜೋಡಿಸಿಕೊಂಡು ಕೂತಿದ್ರು. "ಯಾರದ್ರೀ ಶ್ರಾದ್ಧ? ಹೆಸರು, ಗೋತ್ರ?" ಅಂದ್ರು.

ಗಂಡನ ಹೆಸರು ಅವ್ವ ಎಂದೂ ಬಾಯಿಲೆ ಅಂದಾಕಿ ಅಲ್ಲ. ನನ್ನ ಕಡೆ ನೋಡಿದ್ಲು. ನಾ ಹೇಳಿದೆ. ಒಂಬತ್ತು ವರ್ಷದಾಗ ಮೊದಲನೇ ಸಲ, ಅಪ್ಪನ ಹೆಸರು, ಸಿಟ್ಟಿಲ್ಲದ. "ನಮ್ಮ ತಂದೆಯವರು" ಅಂದೆ.

ಪುರೋಹಿತರು ಬರಕೊಂಡು ತಲಿ ಎತ್ತಿದ್ರು. ಅವ್ವನ ಹಣಿ ನೋಡಿದ್ರು, ಬಳಿ ನೋಡಿದ್ರು, ಮತ್ತ ಹಣಿ ನೋಡಿದ್ರು. "ಅಲ್ಲರೀ ಅವ್ವಾರ, ಹಿಂಗಿದ್ದ ಮ್ಯಾಲ ಈ ಕುಂಕುಮ..."

"ಮಂತ್ರ ನಿಮ್ಮವು, ಹಣಿ ನಂದು" ಅಂದ್ಲು ಅವ್ವ. "ಶುರು ಮಾಡ್ರಿ."

ಅವರು ಶುರು ಮಾಡಿದ್ರು.